ಜೀವಕೋಶದಲ್ಲಿ ಆಮ್ಲಜನಕಕ್ಕೆ ಪಂಪ್ ಯಾಕಿಲ್ಲ?

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ಸೋಡಿಯಂಗೆ ಪಂಪ್ ಇದೆ, ಗ್ಲೂಕೋಸ್‌ಗೆ ಬೇರೆ ದಾರಿ ಇದೆ ಅಂತ ಅವಳ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಆಮ್ಲಜನಕದ ವಿಷಯಕ್ಕೆ ಬಂದರೆ ಬರೀ ಒಂದು ಬಾಣ ಹಾಕಿ ಬಿಟ್ಟಿದ್ದಾರೆ. ಆಮ್ಲಜನಕ ಒಳಗೆ ಬರಬೇಕು, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಬೇಕು ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಗಿಡದ ಕೋಶ ಹಗಲು ಒಂದು ಥರ, ರಾತ್ರಿ ಇನ್ನೊಂದು ಥರ ನಡೆದುಕೊಳ್ಳುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ಕೋಶಕ್ಕೆ ಅದು ಗೊತ್ತಾಗುವುದೇ ಇಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ಆಮ್ಲಜನಕವನ್ನು ಕೋಶದೊಳಗೆ ತಳ್ಳುವ ಪಂಪ್ ನಮ್ಮ ಮೈಯಲ್ಲಿ ಎಲ್ಲೂ ಇಲ್ಲ. ಇಂಗಾಲದ ಡೈಆಕ್ಸೈಡನ್ನು ಆಚೆ ಹಾಕುವ ಪಂಪೂ ಇಲ್ಲ. ಈ ಎರಡು ಅನಿಲಗಳ ಮಟ್ಟಿಗೆ ಕೋಶದ ಪೊರೆ ಇದ್ದೂ ಇಲ್ಲದ ಹಾಗೆ. ಅವು ಸದಾ ಎರಡೂ ದಿಕ್ಕಿಗೆ ಓಡಾಡುತ್ತಲೇ ಇರುತ್ತವೆ. ಯಾವ ಕಡೆಗೆ ಜಾಸ್ತಿ ಹೋಗುತ್ತವೆ ಅನ್ನುವುದನ್ನು ತೀರ್ಮಾನಿಸುವುದು ಪೊರೆಯಲ್ಲ, ಒಳಗಿನ ಖರ್ಚು. ಕೋಶ ತನ್ನೊಳಗಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತಿರುತ್ತದೆ, ಅದಕ್ಕೇ ಹೊರಗಿನದು ಒಳಗೆ ಬರುತ್ತದೆ. ಉತ್ತರ ಇಷ್ಟೇ. ಆದರೆ ಇಷ್ಟನ್ನು ಒಪ್ಪಿಕೊಳ್ಳುವುದಕ್ಕೆ ದೊಡ್ಡ ದೊಡ್ಡ ವಿಜ್ಞಾನಿಗಳೇ ಸುಮಾರು ಮೂವತ್ತು ವರ್ಷ ಜಗಳ ಆಡಿದ್ದಾರೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಪೊರೆಯ ವಿಷಯ. ಅದು ಎರಡು ಪದರದ ಜಿಡ್ಡು. ಫಾಸ್ಫೋಲಿಪಿಡ್ ಅನ್ನುವ ಅಣುಗಳು ನೀರು ಮೆಚ್ಚುವ ತಲೆಯನ್ನು ಹೊರಕ್ಕೆ, ಜಿಡ್ಡಿನ ಬಾಲವನ್ನು ಒಳಕ್ಕೆ ಮಾಡಿಕೊಂಡು ಒತ್ತೊತ್ತಾಗಿ ನಿಂತಿರುತ್ತವೆ. ದಪ್ಪ ಸುಮಾರು 5 ನ್ಯಾನೋಮೀಟರ್. ಇಂಥ 2 ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ. ಇಷ್ಟು ತೆಳ್ಳಗಿದ್ದರೂ ಸೋಡಿಯಂ ಇದನ್ನು ದಾಟಲಾರದು. ಅದಕ್ಕೆ ವಿದ್ಯುತ್ ಆವೇಶ ಇದೆ, ಸುತ್ತ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಆ ನೀರನ್ನು ಬಿಟ್ಟು ಜಿಡ್ಡಿಗೆ ಇಳಿಯುವುದು ಅದಕ್ಕೆ ಬಹಳ ದುಬಾರಿ ಕೆಲಸ. ಗ್ಲೂಕೋಸ್‌ಗೆ ಆವೇಶ ಇಲ್ಲ, ಆದರೂ ಅದು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವ ಜಾತಿ, ಗಾತ್ರವೂ ದೊಡ್ಡದು. ಅದಕ್ಕೇ ಇವೆರಡಕ್ಕೂ ಪೊರೆಯಲ್ಲಿ ಬೇರೆ ಪ್ರೋಟೀನುಗಳು ಬೇಕು.

ಆಮ್ಲಜನಕದ ಅಣುವಿನಲ್ಲಿ ಇರುವುದು ಎರಡೇ ಪರಮಾಣು. ಆವೇಶ ಇಲ್ಲ. ನೀರಿಗೆ ಹಿಡಿದುಕೊಳ್ಳಲು ಸಿಗುವಂಥ ಕೊಕ್ಕೆಯೂ ಅದರಲ್ಲಿಲ್ಲ. ನೀರಿಗಿಂತ ಜಿಡ್ಡಿನಲ್ಲೇ ಅದು ಮೂರು ನಾಲ್ಕು ಪಟ್ಟು ಚೆನ್ನಾಗಿ ಕರಗುತ್ತದೆ. ಅಂದರೆ ಪೊರೆಯ ನಡುಭಾಗ ಅದಕ್ಕೆ ಅಡ್ಡಿಯೇ ಅಲ್ಲ, ಸುತ್ತಲಿನ ನೀರಿಗಿಂತ ಹಿತವಾದ ಜಾಗ. ಜಿಡ್ಡಿನಲ್ಲಿ ಕರಗುವ ವಸ್ತುಗಳೇ ಕೋಶದೊಳಗೆ ಬೇಗ ಹೋಗುತ್ತವೆ ಅನ್ನುವುದನ್ನು ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ 1890ರ ದಶಕದಲ್ಲೇ ನೂರಾರು ವಸ್ತುಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಪೊರೆ ಯಾವುದರಿಂದ ಆಗಿದೆ ಅಂತ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಯಾವುದು ಒಳಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ನೋಡಿಯೇ, ಅದು ಜಿಡ್ಡಿನದ್ದಿರಬೇಕು ಅಂತ ಅವರು ಊಹಿಸಿದರು. ನನಗೆ ಬಹಳ ಇಷ್ಟವಾದ ತರ್ಕ ಇದು.

ಸರಿ, ಪೊರೆ ತಡೆಯುವುದಿಲ್ಲ ಅಂತಾಯಿತು. ಹಾಗಾದರೆ ದಿಕ್ಕು ಎಲ್ಲಿಂದ ಬಂತು?

ಪುಸ್ತಕದ ಆ ಒಂದೇ ಬಾಣದ ಬಗ್ಗೆ ನನಗೆ ತಕರಾರಿದೆ. ನಿಜವಾಗಿ ಹಾಕಬೇಕಾದದ್ದು ಎರಡು ಬಾಣ: ಒಳಗೆ ಹೋಗುವುದು ದಪ್ಪ, ಹೊರಗೆ ಬರುವುದು ಸಣ್ಣ. ಅನಿಲದ ಅಣುಗಳು ಗೊತ್ತುಗುರಿ ಇಲ್ಲದೆ ಎಲ್ಲ ಕಡೆಗೂ ಹಾರಾಡುತ್ತಿರುತ್ತವೆ. ಹೊರಗೆ ಜಾಸ್ತಿ ಇದ್ದರೆ ಹೊರಗಿನಿಂದ ಪೊರೆಗೆ ಬಡಿಯುವ ಅಣುಗಳೂ ಜಾಸ್ತಿ. ಒಳಗೆ ಕಮ್ಮಿ ಇದ್ದರೆ ಒಳಗಿನಿಂದ ಬಡಿಯುವುದು ಕಮ್ಮಿ. 100 ಒಳಗೆ ಹೋಗಿ 40 ಹೊರಗೆ ಬಂದರೆ, 60 ಒಳಗೆ ಹೋದಂತೆ ಲೆಕ್ಕ. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ. ಇದನ್ನೇ ವಿಸರಣೆ ಅನ್ನುತ್ತೇವೆ.

ಜಾಸ್ತಿ, ಕಮ್ಮಿ ಅನ್ನುವುದನ್ನು ಅನಿಲಗಳ ವಿಷಯದಲ್ಲಿ ಆಂಶಿಕ ಒತ್ತಡದಿಂದ, ಅಂದರೆ ಒಟ್ಟು ಒತ್ತಡದಲ್ಲಿ ಆ ಒಂದು ಅನಿಲದ ಪಾಲಿನಿಂದ, ಅಳೆಯುತ್ತಾರೆ. ಗೋಲಿ ಸೋಡಾ ಒಡೆದ ತಕ್ಷಣ ಬುಸ್ ಅಂತ ಅನಿಲ ಹೊರಗೆ ಬರುತ್ತದೆ, ಅಲ್ವಾ? ಬಾಟಲಿಯ ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡಿನ ಒತ್ತಡ ಹೊರಗಿನ ಗಾಳಿಯಲ್ಲಿರುವ ಅದರ ಒತ್ತಡಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ, ಅದಕ್ಕೆ. ಪ್ರತಿ ಅನಿಲವೂ ತನ್ನ ಒತ್ತಡ ಎಲ್ಲಿ ಕಮ್ಮಿಯೋ ಅಲ್ಲಿಗೆ ಹೋಗುತ್ತದೆ, ಪಕ್ಕದ ಅನಿಲ ಏನು ಮಾಡುತ್ತಿದೆ ಅಂತ ನೋಡುವುದಿಲ್ಲ. ಆಮ್ಲಜನಕ ಒಳಗೆ ಬಂದದ್ದಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಎರಡೂ ತಮ್ಮ ಪಾಡಿಗೆ ತಾವು ಹೋಗುತ್ತವೆ.

ಈಗ ಆಮ್ಲಜನಕದ ಜೊತೆ ಮೂಗಿನಿಂದ ಕೋಶದವರೆಗೆ ಹೋಗೋಣ. ಸಮುದ್ರಮಟ್ಟದ ಗಾಳಿಯಲ್ಲಿ ಅದರ ಒತ್ತಡ ಪಾದರಸದ ಲೆಕ್ಕದಲ್ಲಿ ಸುಮಾರು 160 ಮಿಲಿಮೀಟರ್. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಹಳೆಯ ಗಾಳಿ ಮತ್ತು ಆವಿಯ ಜೊತೆ ಬೆರೆತು 100ಕ್ಕೆ ಇಳಿಯುತ್ತದೆ. ಅಪಧಮನಿಯ ರಕ್ತದಲ್ಲಿ 95. ಕೋಶಗಳ ಸುತ್ತಲಿನ ದ್ರವದಲ್ಲಿ ಸುಮಾರು 40. ಕೋಶದೊಳಗೆ ಇನ್ನೂ ಕಮ್ಮಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಹತ್ತಿರ ಎಲ್ಲಕ್ಕಿಂತ ಕಮ್ಮಿ. ಇಂಗಾಲದ ಡೈಆಕ್ಸೈಡಿನದು ಇದರ ಉಲ್ಟಾ ದಾರಿ: ಕೋಶದಲ್ಲಿ ಜಾಸ್ತಿ, ಅಭಿಧಮನಿಯ ರಕ್ತದಲ್ಲಿ 46, ಗಾಳಿಗೂಡಿನಲ್ಲಿ 40, ಹೊರಗಿನ ಗಾಳಿಯಲ್ಲಿ 1 ಕೂಡ ಇಲ್ಲ. ಬರೀ 6 ಮಿಲಿಮೀಟರ್ ವ್ಯತ್ಯಾಸದಲ್ಲಿ ರಕ್ತದಿಂದ ಗಾಳಿಗೂಡಿಗೆ ಹೇಗೆ ಅಷ್ಟು ಬೇಗ ದಾಟುತ್ತದೆ ಅಂದರೆ, ಆಮ್ಲಜನಕಕ್ಕಿಂತ ಅದು ನೀರಿನಲ್ಲಿ 20 ಪಟ್ಟಿಗೂ ಜಾಸ್ತಿ ಕರಗುತ್ತದೆ.

ಈ ಇಳಿಜಾರಿನ ತುದಿಯಲ್ಲಿ ಮೈಟೊಕಾಂಡ್ರಿಯದೊಳಗೆ ಸೈಟೊಕ್ರೋಮ್ ಆಕ್ಸಿಡೇಸ್ ಅನ್ನುವ ಕಿಣ್ವ ಕೂತಿದೆ. ಬಂದ ಆಮ್ಲಜನಕವನ್ನು ಹಿಡಿದು, ಎಲೆಕ್ಟ್ರಾನ್ ಕೊಟ್ಟು, ನೀರು ಮಾಡುತ್ತದೆ. ಒತ್ತಡ 1 ಮಿಲಿಮೀಟರಿಗೆ ಇಳಿದರೂ ಅದರ ಕೆಲಸ ನಡೆಯುತ್ತದೆ. ಮೂಗಿನಿಂದ ಇಲ್ಲಿಯವರೆಗಿನ ಹರಿವಿಗೆ ಕಾರಣ ಈ ಕಿಣ್ವದ ಖರ್ಚು. ಇದಕ್ಕೆ ಕ್ರೂರವಾದ ಪುರಾವೆ ಒಂದಿದೆ. ಸಯನೈಡ್ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಉಸಿರಾಟ ಇನ್ನೂ ನಡೆದಿರುತ್ತದೆ, ರಕ್ತದ ತುಂಬ ಆಮ್ಲಜನಕ ಇರುತ್ತದೆ, ಪೊರೆಗಳೂ ಮೊದಲಿನ ಹಾಗೇ ಇರುತ್ತವೆ. ಆದರೂ ಕೋಶಕ್ಕೆ ಆಮ್ಲಜನಕ ಹರಿದು ಬರುವುದಿಲ್ಲ, ಯಾಕೆಂದರೆ ಒಳಗೆ ಅದು ಖರ್ಚಾಗುತ್ತಿಲ್ಲ. ಕಪ್ಪುಗೆಂಪಾಗಿರಬೇಕಾದ ಅಭಿಧಮನಿಯ ರಕ್ತ ಆಗ ಅಪಧಮನಿಯ ರಕ್ತದ ಹಾಗೆ ಕೆಂಪಗೇ ವಾಪಸ್ ಬರುತ್ತದೆ.

ವಿಸರಣೆಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಹತ್ತಿರಕ್ಕೆ ಅದು ಮಿಂಚಿನ ವೇಗ, ದೂರಕ್ಕೆ ಆಮೆಗಿಂತ ಕಡೆ. ಅಡಾಲ್ಫ್ ಫಿಕ್ ಅನ್ನುವ ಜರ್ಮನ್ ಶರೀರವಿಜ್ಞಾನಿ 1855ರಲ್ಲಿ ಕೊಟ್ಟ ನಿಯಮದಿಂದ ಲೆಕ್ಕ ಹಾಕಬಹುದು: ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ಒಂದು ಕೋಶದಷ್ಟು ದೂರ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ಹೋಗಲು ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ. ಒಂದು ಸೆಂಟಿಮೀಟರಿಗೆ 7 ಗಂಟೆ. ಒಂದು ಮೀಟರಿಗೆ ಹತ್ತಿರಹತ್ತಿರ 8 ವರ್ಷ! ಮೂಗಿನಿಂದ ಕಾಲ್ಬೆರಳಿಗೆ ಬರೀ ವಿಸರಣೆಯಿಂದ ಆಮ್ಲಜನಕ ತಲುಪಬೇಕಿದ್ದರೆ ನಮ್ಮ ಕಥೆ ಏನಾಗುತ್ತಿತ್ತು ನೋಡಿ.

ಹೃದಯ, ರಕ್ತ, ಶ್ವಾಸಕೋಶ ಇವೆಲ್ಲ ಇರುವುದು ಈ ದೌರ್ಬಲ್ಯವನ್ನು ಸರಿದೂಗಿಸುವುದಕ್ಕೆ. ಪಂಪ್ ಇದೆ, ಆದರೆ ಅದು ಕೋಶದ ಪೊರೆಯಲ್ಲಿಲ್ಲ, ಎದೆಯಲ್ಲಿದೆ. ಅದು ತಳ್ಳುವುದೂ ಅನಿಲವನ್ನಲ್ಲ, ಅನಿಲವನ್ನು ಹೊತ್ತ ರಕ್ತವನ್ನು. ಲೋಮನಾಳಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು, ಬಹುತೇಕ ಎಲ್ಲ ಕೋಶಗಳ ಪಕ್ಕದಲ್ಲೇ ಹಾದುಹೋಗುವುದರಿಂದ ಕೊನೆಯ ಚೂರು ದಾರಿಯನ್ನು ಮಾತ್ರ ವಿಸರಣೆಗೆ ಬಿಟ್ಟರೆ ಸಾಕು. ಶ್ವಾಸಕೋಶದಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ತೀರಾ ತೆಳುವಾದ ಕಡೆ ಮಿಲಿಮೀಟರಿನ ಸಾವಿರನೇ ಒಂದು ಭಾಗದಷ್ಟೂ ಇಲ್ಲ. ಅದನ್ನು ಹರಡಿದರೆ ಸುಮಾರು 70 ಚದರ ಮೀಟರ್. ಬರೀ ನೀರಿನಂಥ ರಕ್ತವಾಗಿದ್ದರೆ ಒಂದು ಲೀಟರಿನಲ್ಲಿ 3 ಮಿಲಿಲೀಟರ್ ಆಮ್ಲಜನಕ ಕರಗುತ್ತಿತ್ತು. ಹಿಮೋಗ್ಲೋಬಿನ್ ಇರುವುದರಿಂದ 200 ಮಿಲಿಲೀಟರ್ ಹಿಡಿಸುತ್ತದೆ.

ಬೇರೆ ಜೀವಿಗಳು ಬೇರೆ ಉಪಾಯ ಮಾಡಿಕೊಂಡಿವೆ. ರಾಮನಗರದ ಕಡೆ ರೇಷ್ಮೆ ಹುಳು ಸಾಕುವವರು ಹುಳುವಿನ ಪಕ್ಕೆಯಲ್ಲಿ ಸಾಲಾಗಿರುವ ಕಪ್ಪು ಚುಕ್ಕೆಗಳನ್ನು ದಿನಾ ನೋಡುತ್ತಾರೆ. ಅವು ಚುಕ್ಕೆಗಳಲ್ಲ, ಉಸಿರುರಂಧ್ರಗಳು, ಒಟ್ಟು 9 ಜೊತೆ. ಅಲ್ಲಿಂದ ಹೊರಟ ಕೊಳವೆಗಳು ಕವಲೊಡೆದು ಕವಲೊಡೆದು ನೇರ ಕೋಶಗಳ ಹತ್ತಿರಕ್ಕೇ ಗಾಳಿ ಒಯ್ಯುತ್ತವೆ. ಆಮ್ಲಜನಕ ಹೊರುವ ಕೆಲಸ ಹುಳುವಿನ ರಕ್ತಕ್ಕಿಲ್ಲ. ನೀರಿಗಿಂತ ಗಾಳಿಯಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ಬೇಗ ಹರಡುತ್ತದೆ, ಹಾಗಾಗಿ ಕೊಳವೆ ಸಾಕು. ಕೆಸರುಗದ್ದೆಯ ಭತ್ತದ್ದೂ ಇದೇ ಜಾಣತನ. ಬೇರು ನೀರಿನಲ್ಲಿ ಮುಳುಗಿದ್ದರೂ ಕೊಳೆಯುವುದಿಲ್ಲ, ಯಾಕೆಂದರೆ ಎಲೆ, ಕಾಂಡದಿಂದ ಬೇರಿನವರೆಗೆ ಒಳಗೊಳಗೇ ಗಾಳಿಯ ಓಣಿಗಳಿವೆ.

ಇನ್ನು ಆ ಜಗಳದ ಕಥೆ. ನಿಮ್ಮ ಪ್ರಶ್ನೆಯನ್ನೇ ಕೋಪನ್‌ಹೇಗನ್‌ನ ಕ್ರಿಶ್ಚಿಯನ್ ಬೋರ್ ಕೇಳಿದ್ದರು. ಪರಮಾಣು ವಿಜ್ಞಾನಿ ನೀಲ್ಸ್ ಬೋರ್ ಇದ್ದಾರಲ್ಲ, ಅವರ ತಂದೆ. ಗಾಳಿಗೂಡಿಗಿಂತ ರಕ್ತದಲ್ಲೇ ಆಮ್ಲಜನಕದ ಒತ್ತಡ ಜಾಸ್ತಿ ಇರುವಂತೆ 1891ರ ಅವರ ಅಳತೆಗಳಲ್ಲಿ ಕೆಲವು ಸಲ ಕಂಡಿತು. ಹಾಗಿದ್ದರೆ ಶ್ವಾಸಕೋಶದ ಕೋಶಗಳೇ ಆಮ್ಲಜನಕವನ್ನು ಎಳೆದು ರಕ್ತಕ್ಕೆ ಸುರಿಸುತ್ತಿರಬೇಕು ಅಂದರು. ಇಂಗ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್ ಕೂಡ ಇದೇ ಪಕ್ಷ. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತಿ ಅಳತೆ ಮಾಡಿ, ಎತ್ತರದಲ್ಲಿ ಶ್ವಾಸಕೋಶ ಆಮ್ಲಜನಕವನ್ನು ಸ್ರವಿಸುತ್ತದೆ ಅಂತಲೇ ಹೇಳಿದರು. (ಇವರ ಮಗ ಜೆ.ಬಿ.ಎಸ್. ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಚಿಕ್ಕಂದಿನಲ್ಲಿ ಅಪ್ಪನ ಅನಿಲ ಪ್ರಯೋಗಗಳಿಗೆ ಅವರೂ ಮೈ ಒಡ್ಡಿದ್ದರು.)

ಬೋರ್ ಅವರ ಮಾತನ್ನು ಒಡೆದದ್ದು ಅವರ ಶಿಷ್ಯ ಆಗಸ್ಟ್ ಕ್ರೋಗ್ ಮತ್ತು ಆಗಸ್ಟರ ಹೆಂಡತಿ, ವೈದ್ಯೆ ಮರಿ ಕ್ರೋಗ್. ರಕ್ತಕ್ಕೆ ತೀರಾ ಪುಟ್ಟ ಗಾಳಿಗುಳ್ಳೆಯೊಂದನ್ನು ತಾಗಿಸಿ, ಆ ಗುಳ್ಳೆಯಲ್ಲಿರುವ ಅನಿಲವನ್ನು ಅಳೆಯುವ ಸಾಧನ ಮಾಡಿಕೊಂಡರು. ಹೊಸ ಅಳತೆಗಳಲ್ಲಿ ರಕ್ತದ ಆಮ್ಲಜನಕದ ಒತ್ತಡ ಗಾಳಿಗೂಡಿನದಕ್ಕಿಂತ ಯಾವತ್ತೂ ಕಮ್ಮಿಯೇ ಬಂತು. 1910ರಲ್ಲಿ ಒಟ್ಟಿಗೆ ಏಳು ಲೇಖನ ಪ್ರಕಟಿಸಿದರು. ಗುರುವಿನ ವಿರುದ್ಧ ಬರೆಯಬೇಕಾದ ಆ ಲೇಖನಗಳಿಗೆ ಮನೆಯಲ್ಲಿ ಅವರಿಟ್ಟ ಹೆಸರು ಏಳು ಪುಟ್ಟ ದೆವ್ವಗಳು. 1920ರಲ್ಲಿ ಕೇಂಬ್ರಿಜ್‌ನ ಜೋಸೆಫ್ ಬಾರ್‌ಕ್ರಾಫ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಮ್ಲಜನಕ ಕಮ್ಮಿ ಮಾಡಿದ ಗಾಜಿನ ಕೋಣೆಯೊಳಗೆ 6 ದಿನ ಇದ್ದು, ಕೊನೆಗೆ ತಮ್ಮ ಮಣಿಕಟ್ಟಿನ ಅಪಧಮನಿಯಿಂದಲೇ ರಕ್ತ ತೆಗೆಸಿದರು. ಅಲ್ಲೂ ಸ್ರವಿಸುವಿಕೆಯ ಸುಳಿವಿಲ್ಲ. ಹಾಲ್ಡೇನ್ ಮಾತ್ರ ಕೊನೆಯವರೆಗೂ ಪೂರ್ತಿ ಬಿಟ್ಟುಕೊಡಲಿಲ್ಲ. ಮರಿ ಕ್ರೋಗ್ 1915ರಲ್ಲಿ ರೂಪಿಸಿದ ವಿಧಾನವೇ ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತದೆ ಅಂತ ನೋಡಲು ಇವತ್ತು ಆಸ್ಪತ್ರೆಗಳಲ್ಲಿ ಮಾಡುವ ಡಿಎಲ್‌ಸಿಒ ಪರೀಕ್ಷೆಗೆ ತಳಪಾಯ. ನೊಬೆಲ್ ಮಾತ್ರ 1920ರಲ್ಲಿ ಆಗಸ್ಟ್ ಒಬ್ಬರಿಗೇ ಬಂತು, ಅದೂ ಲೋಮನಾಳಗಳ ಮೇಲಿನ ಬೇರೆ ಕೆಲಸಕ್ಕೆ.

ಬೋರ್ ಸುಮ್ನೆ ಕಲ್ಪಿಸಿಕೊಂಡವರೇನಲ್ಲ. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಲ್ಲಿ ಆಮ್ಲಜನಕ ವಿಪರೀತ ಒತ್ತಡದಲ್ಲಿ ತುಂಬಿಕೊಳ್ಳುವುದು ನಿಜ, ಅದನ್ನು ಅವರು ನೋಡಿದ್ದರು. ಆದರೆ ಅಲ್ಲಿಯೂ ಆಮ್ಲಜನಕದ ಪಂಪ್ ಇಲ್ಲ. ಚೀಲದ ಗೋಡೆಯಲ್ಲಿರುವ ಗ್ರಂಥಿ ರಕ್ತಕ್ಕೆ ಆಮ್ಲ ಬಿಡುತ್ತದೆ. ಆಮ್ಲ ತಗುಲಿದರೆ ಮೀನಿನ ಹಿಮೋಗ್ಲೋಬಿನ್ ಹಿಡಿತ ಸಡಿಲಿಸಿ ಆಮ್ಲಜನಕವನ್ನು ಬಿಟ್ಟುಬಿಡುತ್ತದೆ. ಒಳಬರುವ, ಹೊರಹೋಗುವ ರಕ್ತನಾಳಗಳು ಒಂದಕ್ಕೊಂದು ಒತ್ತಿಕೊಂಡು ಎದುರುಬದುರು ಹರಿಯುವುದರಿಂದ, ಬಿಟ್ಟ ಅನಿಲ ಆಚೆ ಹೋಗದೆ ಅಲ್ಲೇ ಜಮೆಯಾಗುತ್ತಾ ಹೋಗುತ್ತದೆ. ರಕ್ತದಿಂದ ಚೀಲಕ್ಕೆ ಹೋಗುವ ಕೊನೆಯ ಹೆಜ್ಜೆ ಮತ್ತೆ ಅದೇ ವಿಸರಣೆ.

ಇಂಗಾಲದ ಡೈಆಕ್ಸೈಡಿನ ಕಥೆಯಲ್ಲಿ ಒಂದು ತಿರುವಿದೆ, ನಿಮ್ಮ ಮಗಳಿಗೆ ಪರೀಕ್ಷೆಗೂ ಇದು ಬೇಕಾಗುತ್ತದೆ. ಅದು ಪೊರೆ ದಾಟುವುದು ಅನಿಲವಾಗಿ. ಆದರೆ ರಕ್ತದಲ್ಲಿ ಪ್ರಯಾಣ ಮಾಡುವುದು ಮುಖ್ಯವಾಗಿ, ಸುಮಾರು ಶೇಕಡ 70 ಭಾಗ, ಬೈಕಾರ್ಬೊನೇಟ್ ಆಗಿ. ಕೆಂಪು ರಕ್ತಕಣದೊಳಗೆ ಹೊಕ್ಕ ತಕ್ಷಣ ಕಾರ್ಬಾನಿಕ್ ಆನ್‌ಹೈಡ್ರೇಸ್ ಅನ್ನುವ ಕಿಣ್ವ ಅದನ್ನು ನೀರಿನ ಜೊತೆ ಸೇರಿಸಿ ಬದಲಾಯಿಸುತ್ತದೆ. ಈ ಕಿಣ್ವದ ಒಂದೊಂದು ಅಣುವೂ ಸೆಕೆಂಡಿಗೆ ಲಕ್ಷಗಟ್ಟಲೆ ಅಣುಗಳನ್ನು ಮುಗಿಸುತ್ತದೆ. ಅಷ್ಟು ವೇಗ ಬೇಕು, ಯಾಕೆಂದರೆ ವಿಶ್ರಾಂತಿಯಲ್ಲಿದ್ದಾಗಲೂ ರಕ್ತಕಣ ಶ್ವಾಸಕೋಶದ ಲೋಮನಾಳದಲ್ಲಿ ಇರುವುದು ಮುಕ್ಕಾಲು ಸೆಕೆಂಡು ಮಾತ್ರ. ಬೈಕಾರ್ಬೊನೇಟ್ ಆದ ಮೇಲೆ ಅದಕ್ಕೆ ಆವೇಶ ಬಂತು, ಇನ್ನು ಪೊರೆಯ ಜಿಡ್ಡು ದಾಟಲು ಆಗುವುದಿಲ್ಲ. ಈಗ ಬಾಗಿಲು ಬೇಕೇ ಬೇಕು. ರಕ್ತಕಣದ ಪೊರೆಯಲ್ಲಿ ಬ್ಯಾಂಡ್ 3 ಅನ್ನುವ ಪ್ರೋಟೀನಿನ ಸುಮಾರು 10 ಲಕ್ಷ ಪ್ರತಿಗಳಿವೆ. ಒಂದು ಬೈಕಾರ್ಬೊನೇಟನ್ನು ಹೊರಗೆ ಬಿಟ್ಟು ಒಂದು ಕ್ಲೋರೈಡನ್ನು ಒಳಗೆ ತರುವುದು ಅದರ ಕೆಲಸ. ಶ್ವಾಸಕೋಶ ತಲುಪಿದಾಗ ಎಲ್ಲವೂ ಹಿಂದುಮುಂದು. ಅಂದರೆ ಪುಸ್ತಕದ ಬಾಗಿಲುಗಳ ಪಾಠ ಅನಿಲಕ್ಕೂ ಅನ್ವಯಿಸುತ್ತದೆ, ಅದು ಅನಿಲವಾಗಿ ಉಳಿಯದಿದ್ದಾಗ ಮಾತ್ರ.

ಇಲ್ಲಿಯವರೆಗಿನದು ಗಟ್ಟಿ ನೆಲ. ಈಗ ತಜ್ಞರು ಇನ್ನೂ ಕಿತ್ತಾಡುತ್ತಿರುವ ಜಾಗ. 1994ರಲ್ಲಿ ಅಮೆರಿಕದ ವಾಲ್ಟರ್ ಬೋರಾನ್ ಮತ್ತು ಜೊತೆಗಾರರು ವಿಚಿತ್ರವಾದದ್ದನ್ನು ಕಂಡರು. ಹೊಟ್ಟೆಯಲ್ಲಿ ಆಮ್ಲ ತಯಾರಿಸುವ ಗ್ರಂಥಿಯ ಕೋಶಗಳ ಪೊರೆ, ಆಮ್ಲದ ಕಡೆಗಿರುವ ಮೈಯಲ್ಲಿ, ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಳ್ಳುವುದೇ ಇಲ್ಲ! ಎಲ್ಲ ಪೊರೆಗಳೂ ಅನಿಲಕ್ಕೆ ತೆರೆದಿರುತ್ತವೆ ಅನ್ನುವ ಮಾತಿಗೆ ಅಪವಾದ ಸಿಕ್ಕಿತು. ನಾಲ್ಕು ವರ್ಷದ ಮೇಲೆ ಅದೇ ಗುಂಪು, ನೀರಿನ ಬಾಗಿಲಾದ ಅಕ್ವಪೋರಿನ್-1ರ ಮೂಲಕ ಇಂಗಾಲದ ಡೈಆಕ್ಸೈಡ್ ಕೂಡ ಹೋಗುತ್ತದೆ ಅಂತ ಕಪ್ಪೆಯ ಮೊಟ್ಟೆಗಳಲ್ಲಿ ತೋರಿಸಿತು. ಈ ಪ್ರೋಟೀನನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು, ನೀರಿನ ವಿಷಯಕ್ಕೆ. ಇನ್ನೊಂದು ಪಕ್ಷದವರ ವಾದ ಸರಳ: ಜಿಡ್ಡೇ ಅನಿಲವನ್ನು ಅಷ್ಟು ಸಲೀಸಾಗಿ ಬಿಡುವಾಗ ಬಾಗಿಲಿದ್ದರೆಷ್ಟು, ಬಿಟ್ಟರೆಷ್ಟು? ನಿಜವಾದ ತಡೆ ಪೊರೆಯದಲ್ಲ, ಪೊರೆಗೆ ಅಂಟಿಕೊಂಡು ಅಲುಗಾಡದೆ ನಿಂತ ನೀರಿನ ಪದರದ್ದು.

ನನ್ನ ಅಭಿಪ್ರಾಯ ಕೇಳಿದರೆ, ಸಾಮಾನ್ಯ ಕೋಶಗಳಲ್ಲಿ ಆಮ್ಲಜನಕಕ್ಕೆ ಬಾಗಿಲು ಬೇಕು ಅನ್ನುವುದಕ್ಕೆ ಸಾಕಷ್ಟು ಪುರಾವೆ ಕಾಣುವುದಿಲ್ಲ. ಅಮೋನಿಯದ ವಿಷಯ ಬೇರೆ. ಅದು ನೀರನ್ನು ಹೆಚ್ಚು ಹಚ್ಚಿಕೊಂಡ ಅನಿಲ, ಅದಕ್ಕೆ ಪ್ರೋಟೀನಿನ ದಾರಿ ಇರುವುದು ಚೆನ್ನಾಗಿ ಸಾಬೀತಾಗಿದೆ. ತಮಾಷೆಯೆಂದರೆ ಆ ಪ್ರೋಟೀನುಗಳು, ರಕ್ತದ ಗುಂಪು ಹೇಳುವಾಗ ಪಾಸಿಟಿವ್, ನೆಗೆಟಿವ್ ಅನ್ನುತ್ತೇವಲ್ಲ, ಆ ಆರ್‌ಎಚ್ ಕುಟುಂಬಕ್ಕೇ ಸೇರಿದವು.

ತೆರೆದ ಪೊರೆಗೆ ಒಂದು ಅಪಾಯವೂ ಇದೆ. ಬರುವವರು ಯಾರು ಅಂತ ಕೇಳುವವರಿಲ್ಲ. ಗ್ಯಾಸ್ ಗೀಸರ್ ಇಟ್ಟ, ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಕೂಡ ಆಮ್ಲಜನಕದ ದಾರಿಯಲ್ಲೇ, ಅಷ್ಟೇ ಸಲೀಸಾಗಿ ರಕ್ತಕಣದೊಳಗೆ ಹೋಗುತ್ತದೆ. ಹೋಗಿ, ಆಮ್ಲಜನಕಕ್ಕಿಂತ 200 ಪಟ್ಟಿಗೂ ಬಿಗಿಯಾಗಿ ಹಿಮೋಗ್ಲೋಬಿನ್ ಹಿಡಿದುಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರು ಕಟ್ಟಿದ ಹಾಗೂ ಆಗುವುದಿಲ್ಲ. ಮನೆಯಲ್ಲಿ ಅಂಥ ಗೀಸರ್ ಇದ್ದರೆ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ.

ಇನ್ನು ಗಿಡ. ಮೇಲೆ ಹೇಳಿದ್ದು ಅರ್ಥವಾಗಿದ್ದರೆ ಇದಕ್ಕೆ ಉತ್ತರ ನೀವೇ ಹೇಳಬಹುದು. ಎಲೆಯ ಕೋಶ ಹಗಲು, ರಾತ್ರಿ ಎರಡೂ ಹೊತ್ತು ನಮ್ಮ ಹಾಗೇ ಉಸಿರಾಡುತ್ತದೆ, ಅಂದರೆ ಆಮ್ಲಜನಕ ಖರ್ಚು ಮಾಡುತ್ತದೆ. ಬಿಸಿಲು ಬಿದ್ದಾಗ ಅದೇ ಕೋಶದೊಳಗಿನ ಕ್ಲೋರೋಪ್ಲಾಸ್ಟ್ ಇನ್ನೂ ಜೋರಾಗಿ ಇಂಗಾಲದ ಡೈಆಕ್ಸೈಡನ್ನು ಖರ್ಚು ಮಾಡಿ ಆಮ್ಲಜನಕ ಹುಟ್ಟಿಸುತ್ತದೆ. ಖರ್ಚು ಬದಲಾಯಿತು, ಹರಿವು ತಿರುಗಿತು. ಪೊರೆಯಲ್ಲಿ ಏನೂ ಬದಲಾಗಿಲ್ಲ. ಮುಸ್ಸಂಜೆ ಬೆಳಕು ಕುಗ್ಗುತ್ತಾ ಬಂದಾಗ ಎರಡು ಖರ್ಚುಗಳೂ ಸರಿಸಮವಾಗುವ ಒಂದು ಹೊತ್ತು ಬರುತ್ತದೆ. ಆಗ ಎಲೆಗೆ ಒಟ್ಟಾರೆ ಏನೂ ಬರುವುದಿಲ್ಲ, ಏನೂ ಹೋಗುವುದಿಲ್ಲ. ರಾತ್ರಿ ಮರದ ಕೆಳಗೆ ಮಲಗಬಾರದು ಅನ್ನುತ್ತಾರಲ್ಲ, ಬಯಲಿನಲ್ಲಿ ಗಾಳಿಯಾಡುವಾಗ ಮರ ಬಿಡುವ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೇ ಬರುವುದಿಲ್ಲ.

ಗಿಡಕ್ಕೆ ಕಷ್ಟ ಇರುವುದು ಬೇರೆ ಕಡೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡ 0.04 ಮಾತ್ರ, ಹಾಗಾಗಿ ಒಳಕ್ಕೆ ಇಳಿಜಾರು ಬಹಳ ಕಮ್ಮಿ. ಅದನ್ನು ಒಳಗೆ ಬಿಡಲು ಎಲೆಯ ಮೈಮೇಲಿನ ಸಣ್ಣ ತೂತು, ಅಂದರೆ ಪತ್ರರಂಧ್ರ, ತೆರೆದರೆ ಒಂದು ಅಣು ಸಂಪಾದನೆಗೆ ನೂರಾರು ಅಣು ನೀರು ಆವಿಯಾಗಿ ಹೋಗುತ್ತದೆ. ರಾಗಿ, ಜೋಳ, ಕಬ್ಬು ಇದಕ್ಕೊಂದು ದಾರಿ ಕಂಡುಕೊಂಡಿವೆ. ಹೊರಗಿನ ಕೋಶಗಳಲ್ಲಿ ಬೈಕಾರ್ಬೊನೇಟನ್ನು ಹಿಡಿದು, ನಾಲ್ಕು ಇಂಗಾಲದ ಆಮ್ಲವಾಗಿ ಬದಲಾಯಿಸಿ, ಎಲೆಯ ನರದ ಸುತ್ತ ಇರುವ ಒಳಕೋಶಗಳಿಗೆ ಸಾಗಿಸಿ, ಅಲ್ಲಿ ಮತ್ತೆ ಇಂಗಾಲದ ಡೈಆಕ್ಸೈಡ್ ಬಿಡಿಸುತ್ತವೆ. ಒಳಗೆ ಅದರ ಮಟ್ಟ ಹೊರಗಿನದಕ್ಕಿಂತ ಹಲವು ಪಟ್ಟು ಏರುತ್ತದೆ. ಪತ್ರರಂಧ್ರ ಅರೆತೆರೆದಿದ್ದರೂ ಬೆಳೆ ಬರುತ್ತದೆ, ಮಳೆ ಕೈಕೊಟ್ಟ ವರ್ಷ ಭತ್ತ ಸೋತರೂ ರಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಅನಿಲದ ಪಂಪಿಗೆ ತೀರಾ ಹತ್ತಿರ ಬಂದದ್ದು ಅಂದರೆ ಇದೇ. ಇದಕ್ಕೆ ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಖರ್ಚಾಗುತ್ತದೆ. ಹಾಗೆ ಕಷ್ಟಪಟ್ಟು ಕೂಡಿಹಾಕಿದ ಇಂಗಾಲದ ಡೈಆಕ್ಸೈಡಿನಲ್ಲಿ ಒಂದಷ್ಟು ಪೊರೆ ದಾಟಿ ವಾಪಸ್ ಸೋರಿಯೂ ಹೋಗುತ್ತದೆ. ಜೋಳ, ಕಬ್ಬಿನಂಥ ಬೆಳೆಗಳು ಆ ಒಳಕೋಶಗಳ ಗೋಡೆಗೆ ಸುಬೆರಿನ್ ಅನ್ನುವ ಮೇಣದಂಥ ಪದರ ಕೊಟ್ಟಿವೆ. ಅಷ್ಟಾದರೂ ಸೋರಿಕೆ ಪೂರ್ತಿ ನಿಂತಿಲ್ಲ.